ಪಾಸ್‌ಪೋರ್ಟ್ ಡಿಕ್ಕಿಯಲ್ಲಿಡಬೇಡಿ

ಏರ್‌ಪೋರ್ಟ್‌ನಿಂದ ಹೊರಗೆ ಬಂದರೆ ಕಾಗದಪತ್ರದ ಕಾಟ ಮುಗೀತು, ಇನ್ನು ಡ್ರೈವಿಂಗ್ ಲೈಸೆನ್ಸ್ ಒಂದಿದ್ದರೆ ಸಾಕು ಅಂತ ಅಮೆರಿಕದಲ್ಲಿರುವ ನಮ್ಮವರು ತುಂಬಾ ಜನ ಅಂದುಕೊಂಡಿದ್ದಾರೆ. ಸಾಲದು. 1952ರ ವಲಸೆ ಕಾನೂನಿನ ಪ್ರಕಾರ, ಇಲ್ಲಿನ ಪ್ರಜೆಯಲ್ಲದ, 18 ವರ್ಷ ತುಂಬಿದ ಪ್ರತಿಯೊಬ್ಬರೂ ತಮ್ಮ ನೋಂದಣಿ ದಾಖಲೆಯನ್ನು ಯಾವಾಗಲೂ ಜೊತೆಗೇ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ದಂಡ ಹಾಕಬಹುದು, 30 ದಿನದವರೆಗೆ ಜೈಲಿಗೂ ಕಳಿಸಬಹುದು. ಎಷ್ಟೋ ವರ್ಷ ಇದನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. 2025ರಿಂದ ಬಿಗಿ ಮಾಡಿದ್ದಾರೆ.

ನಾನಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ಇಲ್ಲಿ ನಮಗೆ ಇದು ಬರೀ ಪುಸ್ತಕದ ಮಾತಲ್ಲ. ಸೌತ್ ಪಾಡ್ರೆ ಐಲ್ಯಾಂಡ್‌ಗೆ ಸಮುದ್ರ ನೋಡಲು ಹೋಗಿ ವಾಪಸ್ ಬರುವಾಗ ಹೈವೇ 77ರಲ್ಲಿ ಬಂದರೆ ಸರೀಟಾ ಹತ್ತಿರ, 281ರಲ್ಲಿ ಬಂದರೆ ಫಾಲ್‌ಫುರಿಯಸ್ ಹತ್ತಿರ ಬಾರ್ಡರ್ ಪ್ಯಾಟ್ರೋಲ್ ಅಂದರೆ ಗಡಿ ಕಾವಲಿನವರ ಚೆಕ್‌ಪೋಸ್ಟ್ ಇದೆ. ನೀವು ಮೆಕ್ಸಿಕೋ ಕಡೆ ಕಾಲೂ ಇಟ್ಟಿರುವುದಿಲ್ಲ, ಆದರೂ ನಿಲ್ಲಬೇಕು. ತಪಾಸಣೆ ಉತ್ತರಕ್ಕೆ ಬರುವ ಗಾಡಿಗಳಿಗೆ ಮಾತ್ರ. ಹೋಗುವಾಗ ಯಾರೂ ಏನೂ ಕೇಳುವುದಿಲ್ಲವಾದ್ದರಿಂದ ಕಾಗದದ ನೆನಪೂ ಬರುವುದಿಲ್ಲ.

ಅಪ್ಪ ಅಮ್ಮ ತಿಪಟೂರಿನಿಂದ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆವು. ವಾಪಸ್ ಬರುವಾಗ ಸರೀಟಾದಲ್ಲಿ ಆಫೀಸರ್ ಕಿಟಕಿಗೆ ಬಗ್ಗಿ, ಎಲ್ಲರೂ ಅಮೆರಿಕನ್ ಸಿಟಿಜನ್ನಾ ಅಂತ ಕೇಳಿದರು. ಅಲ್ಲ ಅಂದೆವು. ಹಾಗಾದರೆ ದಾಖಲೆ ತೋರಿಸಿ ಅಂದರು. ಅಮ್ಮ ಮೆಲ್ಲಗೆ, ‘ನಂದು ಸೂಟ್‌ಕೇಸಲ್ಲಿದೆ ಕಣೇ, ಸೀರೆ ಕೆಳಗೆ ಭದ್ರವಾಗಿ ಇಟ್ಟಿದೀನಿ’ ಅಂದರು. ಸೂಟ್‌ಕೇಸ್ ಡಿಕ್ಕಿಯಲ್ಲಿ. ಅದರ ಮೇಲೆ ಐಸ್ ಬಾಕ್ಸ್, ಒದ್ದೆ ಟವಲ್, ರೈಸ್ ಕುಕ್ಕರ್. ಗಾಡಿಯನ್ನು ಪಕ್ಕಕ್ಕೆ ಹಾಕಿಸಿದರು. ನಮ್ಮ ಯಜಮಾನರು ಒಂದೊಂದಾಗಿ ಇಳಿಸುತ್ತಿದ್ದರೆ ಅವರ ನಾಯಿ ಗಾಡಿಯನ್ನು ಎರಡು ಸುತ್ತು ಹಾಕಿತು. ಆಫೀಸರ್ ಮರ್ಯಾದೆಯಿಂದಲೇ ನಡೆದುಕೊಂಡರು, ಪಾಸ್‌ಪೋರ್ಟ್ ನೋಡಿ ಕಳಿಸಿಬಿಟ್ಟರು. ಆದರೆ ಅಪ್ಪನ ಬಿಪಿ ಏರಿದ್ದು ಮನೆ ಸೇರುವವರೆಗೂ ಇಳಿಯಲಿಲ್ಲ.

ಈಗ ಯಾವ ಕಾಗದ ಅನ್ನುವ ಪ್ರಶ್ನೆ. ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ವೀಸಾ ಅನ್ನುವುದು ಬಾಗಿಲಿಗೆ ಬಂದು ತಟ್ಟಲು ಕೊಟ್ಟ ಅನುಮತಿ, ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94 ಅನ್ನುವ ಪ್ರವೇಶ ದಾಖಲೆ. ವೀಸಾದಲ್ಲಿ ಬಂದವರಿಗೆ ಆಗಲೇ ಹೇಳಿದ ನೋಂದಣಿ ದಾಖಲೆ ಅಂದರೆ ಇದೇ. ಅಪ್ಪ ಅಮ್ಮನ ಬಿ-2 ಪ್ರವಾಸಿ ವೀಸಾ ಹತ್ತು ವರ್ಷದ್ದಿರಬಹುದು, ಐ-94 ಸಾಮಾನ್ಯವಾಗಿ ಆರು ತಿಂಗಳಿಗೇ ಮುಗಿಯುತ್ತದೆ. ವಿಮಾನದಲ್ಲಿ ಬಂದವರಿಗೆ 2013ರಿಂದ ಇದನ್ನು ಕಾಗದದಲ್ಲಿ ಕೊಡುವುದಿಲ್ಲ. ಗಡಿ ಮತ್ತು ಕಸ್ಟಮ್ಸ್ ನೋಡಿಕೊಳ್ಳುವ ಸಿಬಿಪಿ ಇಲಾಖೆಯ ವೆಬ್‌ಸೈಟಿನಿಂದ ನಾವೇ ಇಳಿಸಿಕೊಳ್ಳಬೇಕು. ಪಾಸ್‌ಪೋರ್ಟ್‌ಗೆ ಸೀಲು ಬೀಳುತ್ತದೆ ಅಂತ ಈಗೀಗ ನಂಬಿ ಕೂರುವ ಹಾಗಿಲ್ಲ. ಬಂದ ಒಂದೆರಡು ದಿನದಲ್ಲೇ ತೆಗೆದು, ಹೆಸರು, ವೀಸಾ ದರ್ಜೆ, ಕೊನೇ ತಾರೀಖು ಮೂರನ್ನೂ ನೋಡಿ. ಪಾಸ್‌ಪೋರ್ಟ್ ಅವಧಿ ಹತ್ತಿರದಲ್ಲೇ ಮುಗಿಯುವಂತಿದ್ದರೆ ಎಷ್ಟೋ ಸಲ ಐ-94ನ್ನೂ ಅದೇ ತಾರೀಖಿಗೆ ಕತ್ತರಿಸಿರುತ್ತಾರೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿರುವವರು ಇದನ್ನು ಗಮನಿಸದೆ ಸಿಕ್ಕಿಹಾಕಿಕೊಳ್ಳುತ್ತಾರೆ. ತಪ್ಪು ನಮೂದಾಗಿದ್ದರೆ ಸಿಬಿಪಿಯ ಡಿಫರ್ಡ್ ಇನ್‌ಸ್ಪೆಕ್ಷನ್ ಆಫೀಸಿನಲ್ಲಿ ಸರಿ ಮಾಡಿಸಬಹುದು. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಇರುತ್ತದೆ.

ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರಿಗೆ ಇನ್ನೊಂದು ಗೋಳು. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗಿದ್ದಾಗ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್‌ಗೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬೀಳುತ್ತದೆ. ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅರವತ್ತೈದು ವರ್ಷ ಅದೇ ಹೆಸರಲ್ಲಿ ಬಾಳಿದ ಮನುಷ್ಯರಿಗೆ ಹೀಗಂದರೆ ಕೋಪ ಬರದೇ ಇರುತ್ತಾ? ಏನೇ ಆಗಲಿ, ಐ-94 ಹುಡುಕುವಾಗ ಪಾಸ್‌ಪೋರ್ಟ್‌ನಲ್ಲಿರುವಂತೆ ಹಾಕಿ ಸಿಗದಿದ್ದರೆ ವೀಸಾದಲ್ಲಿರುವಂತೆ ಎಫ್‌ಎನ್‌ಯು ಸೇರಿಸಿ ಹಾಕಿ ನೋಡಿ. ಸಿಗಲಿಲ್ಲ ಅಂತ ಸುಮ್ನೆ ಬಿಟ್ಟುಬಿಡಬೇಡಿ.

ಇಲ್ಲೇ ಇದ್ದುಕೊಂಡು ಎಚ್-1ಬಿ ಮುಂದುವರಿಸಿಕೊಂಡವರಿಗೆ ವೆಬ್‌ಸೈಟಿನ ಐ-94 ಹಳೆಯದಾಗಿರುತ್ತದೆ. ಮಂಜೂರಾತಿ ಪತ್ರವಾಗಿ ಬರುವ ಐ-797ಎ ಹಾಳೆಯ ಕೆಳಭಾಗದಲ್ಲಿ ಹೊಸ ಐ-94 ಅಚ್ಚಾಗಿ ಬಂದಿರುತ್ತದೆ, ಜೊತೆಗಿಟ್ಟುಕೊಳ್ಳಬೇಕಾದ್ದು ಅದು. ಅವರ ಜೊತೆ ಎಚ್-4 ಅನ್ನುವ ಅವಲಂಬಿತರ ವೀಸಾದಲ್ಲಿರುವ ಗಂಡನಿಗೋ ಹೆಂಡತಿಗೋ ಬೇರೆಯೇ ಹಾಳೆ ಬರುತ್ತದೆ. ಒಬ್ಬರದು ಇನ್ನೊಬ್ಬರಿಗೆ ನಡೆಯುವುದಿಲ್ಲ. ಅರ್ಜಿ ಇನ್ನೂ ಬಾಕಿ ಇದ್ದರೆ ಹಳೆ ಐ-94 ಜೊತೆ ರಸೀದಿಯನ್ನೂ ಇಟ್ಟುಕೊಳ್ಳಿ. ಓದಲು ಬಂದ ಮಕ್ಕಳಾದರೆ ಕಾಲೇಜು ಕೊಟ್ಟ ಐ-20 ಪತ್ರವನ್ನೂ ಸೇರಿಸಿ. ಗ್ರೀನ್ ಕಾರ್ಡ್ ಇರುವವರು ಅಸಲಿ ಕಾರ್ಡನ್ನೇ ಪರ್ಸಿನಲ್ಲಿಡಬೇಕು. ಬ್ಯಾಂಕ್ ಲಾಕರಿನಲ್ಲಿ ಬೀಗ ಹಾಕಿಟ್ಟವರನ್ನು ನಾನು ನೋಡಿದ್ದೇನೆ. ಅದೇನು ಕಾಸಿನ ಸರವಾ?

ಪಾಸ್‌ಪೋರ್ಟ್ ದಿನವೂ ಹೊತ್ತು ತಿರುಗಬೇಕಾ ಅಂತ ಕೇಳುತ್ತಾರೆ. ನಾನು ಮಾಡುವುದು ಇಷ್ಟು. ಆಫೀಸು, ಅಂಗಡಿಗೆ ಹೋಗುವಾಗ ಐ-94 ಪ್ರಿಂಟ್, ಪಾಸ್‌ಪೋರ್ಟ್‌ನ ಜೆರಾಕ್ಸ್, ಲೈಸೆನ್ಸ್. ಊರು ಬಿಟ್ಟು ಹೊರಟರೆ, ಅದರಲ್ಲೂ ಗಡಿಯ ದಿಕ್ಕಿಗೆ ಹೊರಟರೆ ಎಲ್ಲರ ಅಸಲಿ ಪಾಸ್‌ಪೋರ್ಟ್. ಒಡವೆ ಅಂಗಡಿಯವರು ಕೊಟ್ಟ ಕೆಂಪು ಜಿಪ್ ಪರ್ಸ್ ಒಂದಿದೆ, ಪಾಸ್‌ಪೋರ್ಟ್‌ಗಳು ಅದರಲ್ಲಿ ಅಳತೆ ತೆಗೆದ ಹಾಗೆ ಕೂರುತ್ತವೆ. ಗ್ಲೋವ್ ಬಾಕ್ಸಿನಲ್ಲಿ ಬೇಡ, ಕಾರಿನ ಗಾಜು ಒಡೆದರೆ ಎಲ್ಲಾ ಹೋಯಿತು. ನನ್ನ ಹೆಗಲ ಚೀಲದಲ್ಲಿರುತ್ತದೆ, ಹೋಟೆಲಿನಲ್ಲಿ ಊಟಕ್ಕೆ ಇಳಿದಾಗಲೂ. ಫೋನಿನಲ್ಲೂ ಫೋಟೋ ಇರಲಿ, ಆದರೆ ಇಂಟರ್ನೆಟ್ ಇಲ್ಲದೆಯೂ ತೆರೆಯುವ ಹಾಗೆ ಇಳಿಸಿಟ್ಟುಕೊಳ್ಳಿ. ಅಪ್ಪ ಅಮ್ಮ ಒಬ್ಬರೇ ವಾಕಿಂಗ್ ಹೋಗುವುದಾದರೆ ಅವರ ಜೇಬಿನಲ್ಲಿ ಐ-94 ಜೊತೆ ನಿಮ್ಮ ಫೋನ್ ನಂಬರ್, ಮನೆ ವಿಳಾಸ ಬರೆದ ಚೀಟಿ ಹಾಕಿ ಕಳಿಸಿ.

ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತೀಯ ಕಾನ್ಸುಲೇಟ್. ಟೆಕ್ಸಸ್‌ನವರಿಗೆ ಅದು ಹ್ಯೂಸ್ಟನ್‌ನಲ್ಲಿದೆ. ಗ್ರೀನ್ ಕಾರ್ಡ್ ಕಳೆದರೆ ಐ-90 ಅರ್ಜಿ. ಐ-797ಎ ಜೊತೆ ಬಂದ ಐ-94 ಕಳೆದುಹೋದರೆ ಐ-102. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಬೇಕು. ಆನ್‌ಲೈನಿನಲ್ಲೇ ಆಗುತ್ತದೆ, ದುಡ್ಡೂ ಇಲ್ಲ. ಮನೆ ಸಾಗಿಸುವ ಆ ಗಡಿಬಿಡಿಯಲ್ಲಿ ಹಳೆ ಐ-797 ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಗ್ರೀನ್ ಕಾರ್ಡ್ ಅರ್ಜಿ ಹಾಕುವ ದಿನ ಬಂದಾಗ ವಕೀಲರು ಅದನ್ನೇ ಕೇಳುತ್ತಾರೆ.