ಸತ್ತ ಗ್ರಾಫಿಕ್ಸ್ ಕಾರ್ಡ್: ಬಿಸಿ ಮಾಡುವ ಮೊದಲು ಅಳೆದು ನೋಡಿ

ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಗ್ರಾಫಿಕ್ಸ್ ಕಾರ್ಡ್ ಸತ್ತಿದೆ ಅಂದ ಕೂಡಲೇ ಎಷ್ಟೋ ಜನ ಅದನ್ನು ಓವನ್‌ನಲ್ಲಿ ಇಡುತ್ತಾರೆ, ಇಲ್ಲವೇ ಚಿಪ್ ಮೇಲೆ ಹಾಟ್ ಏರ್ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಗೆ ಒಮ್ಮೊಮ್ಮೆ ಕಾರ್ಡ್ ಎದ್ದು ಕೂರುವುದುಂಟು, ಆದರೆ ಅದು ಬಾಳುವುದಿಲ್ಲ. ಅಷ್ಟರಲ್ಲಿ ಕನೆಕ್ಟರ್ ಮೆತ್ತಗಾಗಿ, ಕೆಪಾಸಿಟರ್ ಉಬ್ಬಿ, ಸರಿಹೋಗಬಹುದಾಗಿದ್ದ ಕಾರ್ಡೂ ಕೈಬಿಟ್ಟು ಹೋಗುತ್ತದೆ.

ಮೊದಲು ತಪ್ಪು ಕಾರ್ಡಿನದೇನಾ ಅಂತ ಖಚಿತ ಮಾಡಿಕೊಳ್ಳಿ. ಚಿನ್ನದ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಸ್ಲಾಟ್ ಬದಲಿಸಿ, ಸಾಧ್ಯವಾದರೆ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಕೇಬಲ್ ವಿಷಯದಲ್ಲಿ ಮಾತ್ರ ಹುಷಾರು. ಪ್ರೊಸೆಸರ್‌ಗೆ ಹೋಗುವ 8 ಪಿನ್ ಕೇಬಲ್ ಅನ್ನು ಒತ್ತಿ ಕಾರ್ಡಿಗೆ ತುರುಕಬೇಡಿ. ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲಾಗಿರುತ್ತವೆ. ಬೇರೆ ಪವರ್ ಸಪ್ಲೈನ ಮಾಡ್ಯುಲರ್ (ಎರಡೂ ತುದಿ ಬಿಚ್ಚಿ ಹಾಕಬಹುದಾದ) ಕೇಬಲ್ಲೂ ಬೇಡ.

ಇನ್ನು ಅಳತೆ. ಕಾರ್ಡನ್ನು ಹೊರತೆಗೆದು, ಕೂಲರ್ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಡಿ. ಬೀಪ್ ಮೋಡ್ ನಂಬಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿ ಚಿಪ್ ಇರುವ ಬದಿಗೆ, ಲೋಹದ ಪಟ್ಟಿಯ ಕಡೆಯಿಂದ ಮೊದಲ ಮೂರು ಪಿನ್‌ಗಳು 12 ವೋಲ್ಟ್, ನಾಲ್ಕನೆಯದು ಗ್ರೌಂಡ್, ಎಂಟನೆಯದು 3.3 ವೋಲ್ಟ್. ಗ್ರೌಂಡ್‌ಗೂ 12 ವೋಲ್ಟ್‌ಗೂ ನಡುವೆ ಸಾಮಾನ್ಯವಾಗಿ ಸಾವಿರಾರು ಓಮ್ ಇರಬೇಕು. ಒಂದೆರಡು ಓಮ್ ತೋರಿಸಿದರೆ ಅಲ್ಲಿ ಶಾರ್ಟ್ ಇದೆ. ಮೇಲಿನ 6 ಅಥವಾ 8 ಪಿನ್ ಕನೆಕ್ಟರಿನ 12 ವೋಲ್ಟನ್ನು ಬೇರೆಯಾಗಿಯೇ ಅಳೆಯಿರಿ. ಎಷ್ಟೋ ಕಾರ್ಡುಗಳಲ್ಲಿ ಅದು ಸ್ಲಾಟಿನಿಂದ ಬರುವ 12 ವೋಲ್ಟಿಗೆ ಸೇರಿರುವುದಿಲ್ಲ. ದಾರಿಯಲ್ಲಿರುವ ಸಣ್ಣ ಫ್ಯೂಸನ್ನೂ ನೋಡಿ. ಸುಟ್ಟಿದ್ದರೆ ಅದರ ಮೇಲೆ ತಂತಿ ಬೆಸೆಯಬೇಡಿ. ಫ್ಯೂಸ್ ಸುಮ್ನೆ ಸುಡುವುದಿಲ್ಲ, ಅಲ್ವಾ? ಅದರಾಚೆ ಏನೋ ಶಾರ್ಟ್ ಆಗಿರುತ್ತದೆ.

ಜಾಸ್ತಿ ಜನ ಎಡವುವುದು ಕಾಯಿಲ್ ಹತ್ತಿರ. ಚಿಪ್ ಪಕ್ಕದ ದೊಡ್ಡ ಕಾಯಿಲ್‌ಗಳನ್ನು ಗ್ರೌಂಡ್‌ಗೆ ಅಳೆದಾಗ ಒಂದು ಓಮ್‌ಗೂ ಕಡಿಮೆ ಬರಬಹುದು. ಮೀಟರ್ ಬೀಪ್ ಅನ್ನುತ್ತದೆ, ಚಿಪ್ ಹೋಯಿತು ಅಂತ ಕಾರ್ಡನ್ನೇ ಬಿಸಾಡುತ್ತಾರೆ. ದೊಡ್ಡ ಚಿಪ್‌ಗೆ ಅಷ್ಟು ಕಡಿಮೆ ಇರುವುದೇ ಸಹಜ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬಂದ ಅಂಕಿಯನ್ನು ಬರೆದುಕೊಳ್ಳಿ, ಅದನ್ನು ಕಳೆದು ಓದಿ. ಹೋಲಿಸಲು ಅದೇ ಮಾದರಿಯ ಒಳ್ಳೆಯ ಕಾರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು.

12 ವೋಲ್ಟ್‌ನಲ್ಲೇ ಶಾರ್ಟ್ ಇದ್ದರೆ, 12 ವೋಲ್ಟ್‌ಗೂ ಚಿಪ್ ಪಕ್ಕದ ಪ್ರತಿ ಕಾಯಿಲ್‌ಗೂ ನಡುವೆ ಅಳೆಯಿರಿ. ಯಾವುದಾದರೂ ಕಾಯಿಲ್‌ಗೆ ಸೊನ್ನೆ ಬಂದರೆ ಅದರ ಮಾಸ್ಫೆಟ್ (ಕಾಯಿಲ್‌ಗೆ ಹೋಗುವ ಕರೆಂಟನ್ನು ಆನ್-ಆಫ್ ಮಾಡುವ ಭಾಗ) ಸುಟ್ಟಿದೆ. ಆಗ 12 ವೋಲ್ಟ್ ನೇರ ಚಿಪ್‌ಗೆ ನುಗ್ಗಿರಬಹುದು, ಆಸೆ ಕಡಿಮೆ. ಎಲ್ಲಾ ಕಾಯಿಲ್‌ಗಳೂ ಸರಿಯಿದ್ದರೆ ಹೆಚ್ಚಾಗಿ ತಪ್ಪಿತಸ್ಥ ಒಂದು ಪುಟ್ಟ ಸೆರಾಮಿಕ್ ಕೆಪಾಸಿಟರ್.

ಅದನ್ನು ಹುಡುಕಲು ಕರೆಂಟ್ ಮಿತಿ ಇಡಬಹುದಾದ ಬೆಂಚ್ ಪವರ್ ಸಪ್ಲೈ ಬೇಕು. 1 ವೋಲ್ಟ್ ಇಡಿ, ಮೇಲೆ ಹೋಗಬೇಡಿ. ಚಿಪ್ ಓಡುವುದೇ ಸುಮಾರು 1 ವೋಲ್ಟ್‌ನಲ್ಲಿ. ಹಾಗಾಗಿ ಕರೆಂಟ್ ತಪ್ಪು ದಾರಿ ಹಿಡಿದರೂ ಚಿಪ್ ಉಳಿಯುತ್ತದೆ. ಬೋರ್ಡಿನ ಮೇಲೆ ತೆಳ್ಳಗೆ ಆಲ್ಕೋಹಾಲ್ ಹಚ್ಚಿ, ಶಾರ್ಟ್ ಇರುವ ದಾರಿಗೆ ವೋಲ್ಟ್ ಕೊಡಿ, ಕರೆಂಟನ್ನು ನಿಧಾನವಾಗಿ ಏರಿಸಿ. ಎಲ್ಲಕ್ಕಿಂತ ಮೊದಲು ಒಣಗುವ ಜಾಗದಲ್ಲೇ ಶಾರ್ಟ್. ಆಲ್ಕೋಹಾಲ್‌ಗೆ ಬೆಂಕಿ ಬೇಗ ಹತ್ತುತ್ತದೆ, ಬೆಸುಗೆ ಐರನ್ ದೂರ ಇರಲಿ.

ಸಿಕ್ಕ ಕೆಪಾಸಿಟರನ್ನು ಎಳೆದು ಕೀಳಬೇಡಿ, ಕೆಳಗಿನ ಪ್ಯಾಡೇ ಕಿತ್ತು ಬರುತ್ತದೆ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಸೀಸವಿರುವ 63/37 (63 ಭಾಗ ತವರ, 37 ಭಾಗ ಸೀಸ) ಬೆಸುಗೆಗೆ 183 ಸಾಕು. ಅದನ್ನು ಎರಡೂ ತುದಿಗೆ ಸೇರಿಸಿ, ಧಾರಾಳವಾಗಿ ಫ್ಲಕ್ಸ್ (ಬೆಸುಗೆ ಸರಾಗವಾಗಿ ಹರಿಯಲು ಹಚ್ಚುವ ಪೇಸ್ಟ್) ಹಾಕಿದರೆ ಕೆಪಾಸಿಟರ್ ತಾನಾಗಿ ಜಾರುತ್ತದೆ. ಗ್ರೌಂಡ್ ತುದಿ ಬಿಸಿಯನ್ನು ಹೀರುತ್ತದೆ, ಅಗಲ ಮೂತಿಯ ಟಿಪ್ ಬಳಸಿ. ತಾಪಮಾನ ಹಿಡಿತವಿಲ್ಲದ ಅಗ್ಗದ ಐರನ್ ಈ ಕೆಲಸಕ್ಕೆ ಬೇಡವೇ ಬೇಡ. ಮತ್ತೆ ಅಳೆಯಿರಿ. ಶಾರ್ಟ್ ಹೋಗಿದ್ದರೆ ಅದೇ ಅಳತೆಯ, ಕನಿಷ್ಠ 16 ವೋಲ್ಟ್ ತಾಳುವ ಹೊಸದನ್ನು ಬೆಸೆಯಿರಿ.

ಎಲ್ಲೂ ಶಾರ್ಟ್ ಇಲ್ಲ, ಕಾರ್ಡ್ ಪತ್ತೆಯಾದರೂ ಚಿತ್ರ ಬರುತ್ತಿಲ್ಲ ಅಂದರೆ ಕಾರ್ಡಿನ ಬಯಾಸ್ (ಅದನ್ನು ಶುರು ಮಾಡುವ ಒಳಗಿನ ಸಾಫ್ಟ್‌ವೇರ್) ಕೆಟ್ಟಿರಬಹುದು. ಮದರ್‌ಬೋರ್ಡಿನ ಗ್ರಾಫಿಕ್ಸ್‌ನಿಂದ ಬೂಟ್ ಮಾಡಿ, ಅದೇ ಮಾದರಿಯ ಕಾರ್ಡಿನ ಬಯಾಸ್ ಫೈಲನ್ನು ಅದಕ್ಕೆ ಬರೆಯಿರಿ. ಎಲ್ಲೆಡೆ ಸಿಗುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರ್ (ಬಯಾಸ್ ಚಿಪ್‌ಗೆ ನೇರವಾಗಿ ಫೈಲ್ ಬರೆಯುವ ಸಾಧನ) ಕೊಳ್ಳುವ ಮೊದಲು ಯೋಚಿಸಿ. ಅದು ಡೇಟಾ ಪಿನ್‌ಗಳಿಗೆ 5 ವೋಲ್ಟ್ ಕೊಡುತ್ತದೆ. ಬಯಾಸ್ ಇರುವ ಮೆಮೊರಿ ಚಿಪ್ 1.8 ವೋಲ್ಟಿನದಾಗಿದ್ದರೆ ಅಲ್ಲಿಗೆ ಮುಗಿಯಿತು.

ಕೊನೆಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಕೂಲರ್ ಪೂರ್ತಿ ಬಿಗಿದ ಮೇಲೆಯೇ ಆನ್ ಮಾಡಿ. ಒಂದು ಕ್ಷಣಕ್ಕೆ ಅಂತಲೂ ಕೂಲರ್ ಇಲ್ಲದೆ ಆನ್ ಮಾಡಬೇಡಿ.