ಬಾಕಿ ವಸೂಲಿಗೆ ಕಾನೂನಿನ ದಾರಿಗಳು: ಸಣ್ಣ ಉದ್ದಿಮೆದಾರರಿಗೆ ಮಾರ್ಗದರ್ಶಿ

ಸರಕು ತಲುಪಿದೆ, ಬಿಲ್ ಹೋಗಿದೆ, ಜಿಎಸ್‌ಟಿಯನ್ನೂ ಕೈಯಿಂದ ಕಟ್ಟಿಯಾಗಿದೆ. ಹಣ ಮಾತ್ರ ಬಂದಿಲ್ಲ. ಇಂಥ ಸ್ಥಿತಿಯಲ್ಲಿ ವಕೀಲರ ಬಳಿಗೆ ಹೋಗುವ ಮೊದಲು ಕ್ಯಾಲೆಂಡರ್ ನೋಡಬೇಕು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಮಾರಿದ ಸರಕಿನ ಬೆಲೆಗಾಗಿ ದಾವೆ ಹೂಡಲು ಮೂರು ವರ್ಷಗಳ ಅವಧಿಯಿದೆ. ಉದ್ದರಿಗೆ ಗಡುವು ಗೊತ್ತುಮಾಡಿದ್ದರೆ ಆ ಗಡುವು ಮುಗಿದಲ್ಲಿಂದ, ಇಲ್ಲದಿದ್ದರೆ ಸರಕು ತಲುಪಿಸಿದ ದಿನದಿಂದ ಈ ಲೆಕ್ಕ ಶುರುವಾಗುತ್ತದೆ. ‘ಮುಂದಿನ ತಿಂಗಳು ಖಂಡಿತ ಕೊಡ್ತೀನಿ’ ಎಂಬ ಫೋನಿನ ಮಾತಿನಿಂದ ಅದು ಒಂದು ದಿನವೂ ಮುಂದೆ ಹೋಗುವುದಿಲ್ಲ. ಆದರೆ ಅವಧಿ ಮುಗಿಯುವುದರೊಳಗೆ ಬಾಕಿದಾರನು ಬಾಕಿಯನ್ನು ಒಪ್ಪಿ ಸಹಿ ಮಾಡಿದ ಪತ್ರ ದೊರೆತರೆ, 18ನೇ ಕಲಮಿನಂತೆ ಆ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ಆದ್ದರಿಂದ ಪ್ರತಿ ಮಾರ್ಚ್ ಕೊನೆಗೆ ಬಾಕಿ ದೃಢೀಕರಣ ಪತ್ರಕ್ಕೆ ಸಹಿ, ಸೀಲು ಹಾಕಿಸಿಕೊಳ್ಳಿ. ಹಳೆಯ ಗಿರಾಕಿಯನ್ನು ಕೇಳಲು ಸಂಕೋಚವಾದರೆ ‘ಆಡಿಟರ್ ಕೇಳುತ್ತಿದ್ದಾರೆ’ ಎಂದುಬಿಡಿ; ಅದಕ್ಕೆ ಯಾರೂ ಬೇಸರಿಸುವುದಿಲ್ಲ.

ಖರೀದಿ ಆದೇಶ, ಬಿಲ್, ಇ-ವೇ ಬಿಲ್, ಲೆಡ್ಜರ್ ಪ್ರತಿ ಇವೆಲ್ಲ ಬೇಕು. ಆದರೆ ಸರಕು ಇಳಿಸಿಕೊಂಡವರ ಸಹಿಯಿರುವ ಡೆಲಿವರಿ ಚಲನ್ ಕಳೆದುಹೋದರೆ ‘ಮಾಲು ಬಂದೇ ಇಲ್ಲ’ ಎನ್ನುವವನ ಬಾಯಿ ಮುಚ್ಚಿಸುವುದು ಕಷ್ಟ. ವಾಟ್ಸ್ಯಾಪ್ ಸಂದೇಶಗಳೂ ಸಾಕ್ಷ್ಯವಾಗುತ್ತವೆ. ಅವುಗಳ ಮುದ್ರಿತ ಪ್ರತಿಯ ಜೊತೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಕೇಳುವ, ವಿದ್ಯುನ್ಮಾನ ದಾಖಲೆಯ ಕುರಿತ ಪ್ರಮಾಣಪತ್ರವನ್ನು ಹಾಜರುಪಡಿಸಬೇಕು.

ಗಿರಾಕಿ ಕೊಟ್ಟ ಚೆಕ್ ಹಣವಿಲ್ಲದೆ ಹಿಂತಿರುಗಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು ಬಲವಾದ ಅಸ್ತ್ರವೇ ಸರಿ, ಆದರೆ ಅದರ ದಿನಗಳ ಲೆಕ್ಕ ಬಹಳ ಬಿಗಿ. ಬ್ಯಾಂಕಿನ ರಿಟರ್ನ್ ಮೆಮೊ ಮೂಲಕ ವಿಷಯ ತಿಳಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕಳುಹಿಸಬೇಕು. ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು ಅವನಿಗೆ 15 ದಿನಗಳ ಕಾಲಾವಕಾಶವಿದೆ. ಅಷ್ಟರಲ್ಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು ದಾಖಲಾಗಬೇಕು. ನೋಟಿಸಿನ 30 ದಿನ ತಪ್ಪಿಹೋಗಿದ್ದರೂ ಚೆಕ್ಕಿನ ಮೂರು ತಿಂಗಳ ಮಾನ್ಯತೆ ಉಳಿದಿದ್ದರೆ ಅದನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕಬಹುದು. ಚೆಕ್ ಕಂಪನಿಯದಾಗಿದ್ದರೆ ನೋಟಿಸು ಮತ್ತು ದೂರು ಎರಡರಲ್ಲೂ ಕಂಪನಿಯನ್ನೇ ಹೆಸರಿಸಬೇಕು. ನಿರ್ದೇಶಕರ ಹೆಸರನ್ನಷ್ಟೇ ಹಾಕಿದ ದೂರು ನಿಲ್ಲುವುದಿಲ್ಲ. ಅಪರಾಧ ಸಾಬೀತಾದರೆ ಎರಡು ವರ್ಷಗಳವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2018ರ ತಿದ್ದುಪಡಿಯ ನಂತರ, ಆರೋಪಿ ತಪ್ಪೊಪ್ಪಿಕೊಳ್ಳದಿದ್ದಾಗ, ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರವನ್ನೂ ಕೇಳಬಹುದು.

ಚೆಕ್ ಇಲ್ಲದ ಸಣ್ಣ ತಯಾರಕರು 2006ರ ಎಂಎಸ್ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಕಡೆ ತಿರುಗಬೇಕು. ಇಷ್ಟು ಅನುಕೂಲ ಕೊಡುವ ಕಾಯ್ದೆಯನ್ನು ನಮ್ಮವರು ಇಷ್ಟು ಕಡಿಮೆ ಬಳಸುವುದು ನನಗೆ ಸೋಜಿಗವೆನಿಸುತ್ತದೆ. ಪೀಣ್ಯದ ಒಂದು ವರ್ಕ್‌ಶಾಪ್ ಪುಣೆಯ ಕಂಪನಿಗೆ ಆರು ಲಕ್ಷ ರೂಪಾಯಿಯ ಬಿಡಿಭಾಗಗಳನ್ನು ಕಳುಹಿಸಿದೆ ಎಂದಿಟ್ಟುಕೊಳ್ಳಿ. ವರ್ಕ್‌ಶಾಪ್ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಯುಳ್ಳ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, ಖರೀದಿ ಆದೇಶದಲ್ಲಿ 90 ದಿನಗಳ ಉದ್ದರಿ ಎಂದು ಬರೆದಿದ್ದರೂ, ಸರಕು ಸ್ವೀಕರಿಸಿದ 45 ದಿನಗಳೊಳಗೆ ಪುಣೆಯವರು ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿಸಿ, ತೆರಬೇಕಾಗುತ್ತದೆ. ಬ್ಯಾಂಕ್ ದರ ಶೇ. 6 ಇದ್ದರೆ ವಾರ್ಷಿಕ ಬಡ್ಡಿ ಶೇ. 18. ಎಂಎಸ್ಎಂಇ ಸಚಿವಾಲಯದ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿದರೆ, ಇಂಥ ಬಾಕಿ ವಿವಾದಗಳನ್ನು ತೀರ್ಮಾನಿಸುವ ಕರ್ನಾಟಕದ ಫೆಸಿಲಿಟೇಷನ್ ಕೌನ್ಸಿಲ್‌ನಲ್ಲೇ ವಿಚಾರಣೆ ನಡೆಯುತ್ತದೆ, ಪುಣೆಗೆ ಅಲೆಯಬೇಕಿಲ್ಲ. ಕೌನ್ಸಿಲ್‌ನ ಐತೀರ್ಪನ್ನು ರದ್ದುಪಡಿಸಲು ಖರೀದಿದಾರ ನ್ಯಾಯಾಲಯಕ್ಕೆ ಹೋದರೆ ಮೊದಲು ಶೇ. 75ರಷ್ಟು ಮೊತ್ತವನ್ನು ಠೇವಣಿ ಇಡಬೇಕು. ನೋಂದಣಿಯನ್ನು ಸರಕು ಕಳುಹಿಸುವುದಕ್ಕೆ ಮೊದಲೇ ಮಾಡಿಸಿರುವುದು ಕ್ಷೇಮ. ಉದ್ಯಮ್ ನೋಂದಣಿಯಿದ್ದರೂ ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ಸೌಲಭ್ಯ ಸಿಗುವುದಿಲ್ಲ.

ಅಂಥವರಿಗೆ ಸಿವಿಲ್ ದಾವೆಯೇ ಗತಿ. ಲಿಖಿತ ಕರಾರು ಅಥವಾ ಪ್ರಾಮಿಸರಿ ನೋಟು ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಮ್ಮರಿ ಸೂಟ್ (ಸಂಕ್ಷಿಪ್ತ ದಾವೆ) ಹೂಡಬಹುದು. ಅಲ್ಲಿ ಪ್ರತಿವಾದಿ ನ್ಯಾಯಾಲಯದ ಅನುಮತಿ ಪಡೆದೇ ವಾದ ಮಂಡಿಸಬೇಕು. ಮೊತ್ತ ಮೂರು ಲಕ್ಷ ರೂಪಾಯಿ ಅಥವಾ ಹೆಚ್ಚಾಗಿದ್ದರೆ ವಿಷಯ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ತುರ್ತು ಮಧ್ಯಂತರ ಆದೇಶ ಬೇಕಾಗಿರುವ ಪ್ರಕರಣಗಳನ್ನು ಬಿಟ್ಟು ಉಳಿದವುಗಳಲ್ಲಿ ದಾವೆಗೆ ಮುನ್ನ ಮಧ್ಯಸ್ಥಿಕೆ (ಮೀಡಿಯೇಷನ್) ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಈ ಹಂತ ದಾಟದ ವಾದಪತ್ರ ತಿರಸ್ಕೃತವಾಗುತ್ತದೆ. ಕರಾರಿನಲ್ಲಿ ಆರ್ಬಿಟ್ರೇಷನ್ (ವಿವಾದವನ್ನು ನ್ಯಾಯಾಲಯದ ಹೊರಗೆ ಪಂಚರಿಂದ ತೀರಿಸಿಕೊಳ್ಳುವ) ಷರತ್ತಿದ್ದರೆ ಅದನ್ನು ಮೊದಲೇ ವಕೀಲರ ಗಮನಕ್ಕೆ ತನ್ನಿ.

ಕಂಪನಿಗಳ ದಿವಾಳಿ ಪ್ರಕರಣ ನೋಡುವ ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ) ಹೋಗುತ್ತೇನೆಂದು ಹೆದರಿಸುವುದು ಈಗ ರೂಢಿಯಾಗಿದೆ. ದಿವಾಳಿ ಸಂಹಿತೆಯಡಿ ಅರ್ಜಿ ಹಾಕಲು ಬಾಕಿ ಕನಿಷ್ಠ ಒಂದು ಕೋಟಿ ರೂಪಾಯಿ ಇರಬೇಕು, ಮತ್ತು ಸರಕಿನ ಗುಣಮಟ್ಟದ ಬಗ್ಗೆ ಗಿರಾಕಿ ಮೊದಲೇ ನಿಜವಾದ ತಕರಾರು ಎತ್ತಿದ್ದರೆ ಅರ್ಜಿ ಅಲ್ಲೇ ಬೀಳುತ್ತದೆ. ಪೊಲೀಸ್ ಠಾಣೆಯಲ್ಲಿ ವಂಚನೆಯ ದೂರು ಕೊಡುವ ಸಲಹೆಯನ್ನೂ ಹಲವರು ಕೊಡುತ್ತಾರೆ. ವ್ಯವಹಾರದ ಆರಂಭದಲ್ಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ ಅಂಥ ಪ್ರಕರಣ ಹೈಕೋರ್ಟಿನಲ್ಲಿ ರದ್ದಾಗುವ ಸಂಭವವೇ ಹೆಚ್ಚು.

ದಾವೆ ಗೆದ್ದು ಡಿಕ್ರಿ ಸಿಕ್ಕ ಮಾತ್ರಕ್ಕೆ ಹಣ ಕೈಸೇರುವುದಿಲ್ಲ, ಅದನ್ನು ಜಾರಿಗೊಳಿಸಲು ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷಗಳ ಅವಧಿಯಿದೆ. ಜಪ್ತಿ ಮಾಡಿಸಲು ಸಾಲಗಾರನ ಬ್ಯಾಂಕ್ ಖಾತೆ, ನಿವೇಶನ, ಯಂತ್ರಗಳ ವಿವರವನ್ನು ನೀವೇ ಒದಗಿಸಬೇಕಾಗುತ್ತದೆ. ಹಾಗಾಗಿ ವ್ಯವಹಾರ ಚೆನ್ನಾಗಿರುವಾಗಲೇ ಅವನ ಒಂದು ಚೆಕ್ಕಿನ ಜೆರಾಕ್ಸ್ ಫೈಲಿನಲ್ಲಿರಲಿ. ವಿವರ ಸಿಗದಿದ್ದರೆ, ಆಸ್ತಿಪಾಸ್ತಿಯನ್ನು ಅಫಿಡವಿಟ್ ಮೂಲಕ ಬಹಿರಂಗಪಡಿಸುವಂತೆ ಸಾಲಗಾರನಿಗೆ ಆದೇಶಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 41ನೇ ನಿಯಮದಡಿ ನ್ಯಾಯಾಲಯವನ್ನು ಕೋರಬಹುದು.