ಅರ್ಧ ಕಾಳಿನಲ್ಲಿ ಕಂಡದ್ದು

ಕುಮಟಾದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಒಡೆಯಬೇಕಾದ ಪ್ರೋಟೀನಿಗೆ ಗುರುತಾಗಿ ಅಂಟುವ ಪುಟ್ಟ ಪ್ರೋಟೀನ್ ಯುಬಿಕ್ವಿಟಿನ್. ಅದರ ಪಾಠ ಬಂದಾಗಲೆಲ್ಲ ನನಗೆ ಕಸಿವಿಸಿ. ಹಲಗೆಯ ಮೇಲೆ ಅದನ್ನು ಅಂಟಿಸುವ ಕಿಣ್ವಗಳನ್ನು ಇ1, ಇ2, ಇ3 ಎಂದು ಬರೆದು ಬಾಣ ಎಳೆದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಂಕವೂ ಬರುತ್ತದೆ. ಜೀವಕೋಶ ತಾನೇ ಕಟ್ಟಿದ ಪ್ರೋಟೀನನ್ನು ಹುಡುಕಿ ಒಡೆಯುತ್ತದೆ, ಒಡೆದ ಮೇಲೆಯೇ ಎಷ್ಟೋ ಕೆಲಸ ಶುರುವಾಗುತ್ತದೆ ಎಂಬುದು ಮಾತ್ರ ಮನಸ್ಸಿಗೆ ಇಳಿಯುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಮನೆಯಲ್ಲಿ. ಮಳೆಗಾಲದ ಹೊಸ್ತಿಲಲ್ಲಿ ಆಯಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗೆಂದು ಅಲ್ಲಿ ಬೆಳೆಯುವ ಕಗ್ಗ ಭತ್ತ ನೆನೆಸಿ, ಗೋಣಿಚೀಲಕ್ಕೆ ತುಂಬಿ, ಮೇಲೆ ಕಲ್ಲು ಹೇರಿದ್ದಳು. ಮೂರನೆಯ ದಿನ ಕೈ ಹಾಕಿದರೆ ಚೀಲದೊಳಗೆ ಬೆಚ್ಚಗೆ, ಕಾಳಿನ ತುದಿಯಲ್ಲಿ ಬಿಳಿ ಮೊಳಕೆ. ನನ್ನ ಪಾಠ ಆ ಚೀಲದಲ್ಲೇ ಇತ್ತು.

ತೌಡಿನ ಪದರದ ಕೋಶಗಳಲ್ಲಿ ಎಸ್‌ಎಲ್‌ಆರ್1 ಎಂಬ ಪ್ರೋಟೀನ್ ಇದೆ. ಪಿಷ್ಟ ಕರಗಿಸುವ ಅಮೈಲೇಸ್ ತಯಾರಾಗದಂತೆ ಅದು ತಡೆದಿರುತ್ತದೆ. ನೆನೆದ ಕಾಳಿನ ಭ್ರೂಣ ಜಿಬ್ಬರೆಲಿನ್ ಹಾರ್ಮೋನನ್ನು ಹೊರಬಿಡುತ್ತದೆ. ಅದು ಜಿಐಡಿ1 ಎಂಬ ಗ್ರಾಹಕದ ಕುಳಿಯಲ್ಲಿ ಕೂತೊಡನೆ ಕುಳಿಯ ಮುಚ್ಚಳ ಮುಚ್ಚುತ್ತದೆ, ಎಸ್‌ಎಲ್‌ಆರ್1 ಬಂದು ಆ ಮುಚ್ಚಳಕ್ಕೆ ಅಂಟುತ್ತದೆ. ಹೀಗೆ ಅಂಟಿಕೊಂಡದ್ದನ್ನು ಇ3 ಕಿಣ್ವ ಗುರುತಿಸಿ, 76 ಅಮೈನೋ ಆಮ್ಲಗಳ ಪುಟ್ಟ ಯುಬಿಕ್ವಿಟಿನ್‌ಗಳನ್ನು ಸರದಂತೆ ಎಸ್‌ಎಲ್‌ಆರ್1ಗೆ ಪೋಣಿಸುತ್ತದೆ. ಸರ ಹೊತ್ತ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಕೋಶದ ಒಡೆಯುವ ಯಂತ್ರ ಹಿಡಿದು, ಮಡಿಕೆ ಬಿಚ್ಚಿ, ತನ್ನ ಕೊಳವೆಯೊಳಗೆ ಎಳೆದು ತುಂಡರಿಸುತ್ತದೆ. ಯುಬಿಕ್ವಿಟಿನ್ ಕಳಚಿಕೊಂಡು ಮತ್ತೆ ಬಳಕೆಗೆ ಬರುತ್ತದೆ. ತಡೆ ಹೋಯಿತು, ಅಮೈಲೇಸ್ ಬಂತು.

ತರಗತಿಯಲ್ಲಿ ಮಾಡಿದ್ದು ಇಷ್ಟು. ನೂರು ಮಿಲಿ ನೀರಿಗೆ ಎರಡು ಗ್ರಾಂ ಅಗರ್, ಅರ್ಧ ಗ್ರಾಂ ಪಿಷ್ಟ, ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಕುದಿಸಿ ತಟ್ಟೆಗಳಿಗೆ ಹೊಯ್ದೆವು. ಕೆಲವು ತಟ್ಟೆಗಳಿಗೆ, ಸ್ವಲ್ಪ ಆರಿದ ಮೇಲೆ, ಲೀಟರಿಗೆ 0.35 ಮಿಲಿಗ್ರಾಂ ಲೆಕ್ಕದಲ್ಲಿ ಜಿಬ್ಬರೆಲಿಕ್ ಆಮ್ಲ ಬೆರೆಸಿದೆವು. ಭತ್ತವನ್ನು ಕೈಯಲ್ಲೇ ಸುಲಿದು, ಬ್ಲೇಡಿನಿಂದ ಅಡ್ಡ ಕತ್ತರಿಸಿ, ಭ್ರೂಣವಿರುವ ತುಂಡನ್ನೂ ಇಲ್ಲದ ತುಂಡನ್ನೂ ಬೇರೆ ಬೇರೆ ಊರಿದೆವು.

ಮೊದಲ ಸಲ ಏನೂ ಆಗಲಿಲ್ಲ. ವಿದ್ಯಾರ್ಥಿಯೊಬ್ಬ ಮನೆಯ ಕುಚ್ಚಲಕ್ಕಿ ತಂದಿದ್ದ. ತೌಡು ಇತ್ತು, ಆದರೆ ಕುದಿಸಿದ ಕಾಳಿನಲ್ಲಿ ಕೋಶಗಳೆಲ್ಲ ಸತ್ತಿದ್ದವು. ಎರಡನೆಯ ಸಲ ಎಲ್ಲ ತುಂಡುಗಳ ಸುತ್ತಲೂ ಪಿಷ್ಟ ಕರಗಿತು, ಹಾರ್ಮೋನ್ ಇಲ್ಲದ ತಟ್ಟೆಯಲ್ಲೂ! ಭೂತಗನ್ನಡಿಯಲ್ಲಿ ನೋಡಿದರೆ ಬೂಷ್ಟು. ಬೂಷ್ಟಿಗೂ ಅಮೈಲೇಸ್ ಇದೆ. ಜೂನ್ ತಿಂಗಳ ಕರಾವಳಿಯಲ್ಲಿ ಇದನ್ನು ಮಾಡುವವರು ಸುಲಿದ ಕಾಳನ್ನು ಬ್ಲೀಚಿಂಗ್ ಪುಡಿಯ ತಿಳಿನೀರಿನಲ್ಲಿ ಕಾಲು ಗಂಟೆ ಇಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಲೇಬೇಕು.

ಮೂರನೆಯ ಸಲ, ಎರಡು ದಿನ ಬಿಟ್ಟು ಅಯೋಡಿನ್ ಸುರಿದೆವು. ಪಿಷ್ಟ ಉಳಿದಲ್ಲೆಲ್ಲ ತಟ್ಟೆ ಕಡುನೀಲಿಯಾಯಿತು. ಭ್ರೂಣವಿದ್ದ ತುಂಡುಗಳ ಸುತ್ತ ತಿಳಿಯಾದ ಬಳೆ. ಭ್ರೂಣವಿಲ್ಲದವು ನೀಲಿಯಲ್ಲೇ ಮುಳುಗಿದ್ದವು. ಜಿಬ್ಬರೆಲಿನ್ ಇದ್ದ ತಟ್ಟೆಯಲ್ಲಿ ಅವುಗಳಿಗೂ ಬಳೆ ಮೂಡಿತ್ತು.

“ಮೇಡಂ, ಕರಗಿದ್ದು ಪಿಷ್ಟ. ಪ್ರೋಟೀನ್ ಒಡೆದದ್ದು ಎಲ್ಲಿ ಕಂಡಿತು?” ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ನಾನು ಬಯಸಿದ್ದ ಪ್ರಶ್ನೆ ಅದೇ. ನಮ್ಮ ತಟ್ಟೆ ಅದನ್ನು ತೋರಿಸುವುದಿಲ್ಲ ಎಂದು ಒಪ್ಪಿಕೊಂಡೆ. ಎಸ್‌ಎಲ್‌ಆರ್1ಗೆ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಬೆಸೆದು ನೋಡಿದ ಜಪಾನಿನ ವಿಜ್ಞಾನಿಗಳಿಗೆ, ಜಿಬ್ಬರೆಲಿನ್ ಕೊಟ್ಟ ಮೇಲೆ ಕೋಶಕೇಂದ್ರದ ಹೊಳಪು ಅಳಿದದ್ದು ಕಂಡಿತ್ತು. ಆ ಜೀನ್ ಕೆಟ್ಟ ಭತ್ತದ ಸಸಿ ಹಾರ್ಮೋನ್ ಇಲ್ಲದೆಯೂ ಉದ್ದುದ್ದ ಬೆಳೆಯುತ್ತದೆ.

ಆಗಸ್ಟಿನಲ್ಲಿ ಅದೇ ಹುಡುಗಿ ತಮ್ಮ ಗದ್ದೆಯಿಂದ ಒಂದು ಸಸಿ ಕಿತ್ತು ತಂದಳು. ಪೇಲವ, ತೆಳ್ಳಗೆ, ಉಳಿದವಕ್ಕಿಂತ ಗೇಣು ಎತ್ತರ. ಹೀಗೆ ಸಸಿಯನ್ನು ಎತ್ತರಿಸುವುದು ಒಂದು ಶಿಲೀಂಧ್ರ ಸ್ರವಿಸುವ ವಸ್ತು ಎಂದು ಜಪಾನಿನ ವಿಜ್ಞಾನಿ ಕುರೋಸಾವಾ 1926ರಲ್ಲಿ ತೋರಿಸಿದ್ದರು. ಆ ವಸ್ತುವೇ ಜಿಬ್ಬರೆಲಿನ್, ಹೆಸರು ಬಂದದ್ದೂ ಆ ಶಿಲೀಂಧ್ರದ ಹೆಸರಿನಿಂದ. ಅವಳು ಅದನ್ನು ಓದಿಕೊಂಡೇ ಬಂದಿದ್ದಳು. “ಇದರಲ್ಲಿ ಎಸ್‌ಎಲ್‌ಆರ್1 ಉಳಿದಿರಲಿಕ್ಕಿಲ್ಲ, ಅಲ್ಲವೇ ಮೇಡಂ?” ಎಂದು ಸಸಿಯನ್ನು ಮೇಜಿನ ಮೇಲಿಟ್ಟಳು.